ಅರವತ್ತು ಡಿಗ್ರಿಯಲ್ಲಿ ಮಾವನ ಕಾಲು

ಲಾರಿ ಗುದ್ದಿ ಬಲಗಾಲು ಮಂಡಿಯ ಕೆಳಗೆ ಹೋದ ಮೇಲೂ ನನ್ನ ಸೋದರಮಾವ ಭದ್ರಾವತಿಯ ಫೌಂಡ್ರಿ ಕೆಲಸ ಬಿಡಲಿಲ್ಲ. ಪ್ಲಾಸ್ಟಿಕ್ಕಿನ ಕಾಲು ಕಟ್ಟಿಕೊಂಡು ಮತ್ತೆ ಕುಲುಮೆಯ ಮುಂದೆ ನಿಂತ. ನಾನಾಗ ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್ಕುಗಳ ಮೇಲೆ ಪಿಎಚ್.ಡಿ. ಸಂಶೋಧನೆ ಮಾಡುತ್ತಿದ್ದೆ. ಇಷ್ಟು ಭಾರ, ಇಷ್ಟು ಬಿಸಿ ಎಂದರೆ ಪ್ಲಾಸ್ಟಿಕ್ ಎಷ್ಟು ಹಿಗ್ಗುತ್ತದೆ ಎಂದು ಮೊದಲೇ ಹೇಳುವ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ನನ್ನ ಕೆಲಸ.

"ಹಂಗಾದ್ರೆ ನನ್ ಕಾಲು ತಡೀತದಾ ನೋಡು ಮಾರಾಯ್ತಿ" ಎಂದು ಒಂದು ಭಾನುವಾರ ಮಾವ ನಕ್ಕ. ಉಳಿದ ಕಾಲು ಕೂರುವ ಬಟ್ಟಲಿನಂಥ ಭಾಗದ ದಪ್ಪ ಅಳೆದೆ. ಅವನ ತೂಕ ಹಾಕಿದೆ, ಕುಲುಮೆಯ ಹತ್ತಿರ ಅರವತ್ತು ಡಿಗ್ರಿ ಇರಬಹುದೆಂದು ಹಾಕಿದೆ. ಮಾದರಿ ತಡೆಯುತ್ತದೆ ಅಂದಿತು. ನಾನೂ ಹಾಗೇ ಹೇಳಿಬಿಟ್ಟೆ.

ಹೇಳಬಾರದಿತ್ತು. ಲ್ಯಾಬಿನ ಓವನ್ ಕೆಟ್ಟಿದ್ದರಿಂದ ನಾನು ನಲವತ್ತು ಡಿಗ್ರಿಯ ಮೇಲೆ ಪರೀಕ್ಷೆ ಮಾಡಿಯೇ ಇರಲಿಲ್ಲ. ಅಲ್ಲಿಂದಾಚೆಗೆ ಮಾದರಿ ಎಳೆದ ಗೆರೆ ಬರೀ ಅಂದಾಜು.

ಓವನ್ ರಿಪೇರಿಯಾಗಿ ಬಂದ ದಿನ ಮಾವನ ಕಾಲಿಗೆ ಬಳಸಿದ್ದ ಅದೇ ಜಾತಿಯ ಪ್ಲಾಸ್ಟಿಕ್ಕಿನ ಪಟ್ಟಿಗೆ ಭಾರ ಕಟ್ಟಿ, ಅರವತ್ತಕ್ಕೆ ಇಟ್ಟೆ. ಸ್ವಲ್ಪ ಹಿಗ್ಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪಟ್ಟಿ ಬದಲಿಸಿದೆ. ಅದೂ ಸುಮ್ಮನೆ ಉದ್ದವಾಗುತ್ತಲೇ ಹೋಯಿತು. ಮಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅತ್ತೆಗೆ ಮಾಡಿದೆ.

"ಇವತ್ತು ಎರಕ ಹೊಯ್ಯೋ ದಿನ ಕಣೇ, ಫೋನ್ ಮನೇಲೇ ಬಿಟ್ಟು ಹೋಗ್ಯಾರೆ" ಅಂದಳು.

ಸ್ಕೂಟರ್ ಹತ್ತಿದೆ. ಭದ್ರಾವತಿಯ ದಾರಿ ಅಷ್ಟು ಉದ್ದ ಇದೆಯೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಫೌಂಡ್ರಿಯ ಬಾಗಿಲಿಗೆ ಬಂದಾಗ ಮಾವ ಇನ್ನೊಬ್ಬ ಕೆಲಸಗಾರನ ಜೊತೆ, ಕರಗಿದ ಕಬ್ಬಿಣ ತುಂಬಿದ ಪಾತ್ರೆಯನ್ನು ಉದ್ದ ಹಿಡಿಕೆಗಳಲ್ಲಿ ಎತ್ತಿಕೊಂಡು ಬರುತ್ತಿದ್ದ. ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಬೆಚ್ಚಿ ಒಂದು ಹೆಜ್ಜೆ ತಪ್ಪಿದರೆ ಇಬ್ಬರೂ ಸುಡುತ್ತಾರೆ. ನೆಲದಲ್ಲಿ ಇನ್ನೂ ಐದು ಅಚ್ಚುಗಳು ಖಾಲಿ ಇದ್ದವು. ಪ್ರತಿ ಹೆಜ್ಜೆಗೂ ಅವನ ಬಲಗಾಲು ಒಂಚೂರು ಹೊರಕ್ಕೆ ವಾಲುತ್ತಿತ್ತು. ಮೂರನೆಯ ಅಚ್ಚಿನ ಹತ್ತಿರ ಅವನು ನಿಂತು, ಮೈ ಸರಿ ಮಾಡಿಕೊಂಡ. ನಾನು ಬಾಗಿಲ ಕಂಬ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ.

ಕೊನೆಯ ಅಚ್ಚು ತುಂಬಿ, ಪಾತ್ರೆ ಕೆಳಗಿಟ್ಟ ಮೇಲೆ ಓಡಿದೆ.

"ಮಾವ, ಕಾಲು ಬಿಚ್ಚು. ಈಗ್ಲೇ."

ಪೆಟ್ಟಿಗೆಯ ಮೇಲೆ ಕೂತು ಬಿಚ್ಚಿದ. ಬಟ್ಟಲಿನ ಹೊರಗಿನ ಅಂಚು ಬಾಯಿ ಬಿಟ್ಟಿತ್ತು. ಕಾಲು ಬಿಗಿಯುವ ಬೆಲ್ಟಿನ ರಿವೆಟ್ ಮೊಳೆಯ ಸುತ್ತ, ಪ್ಲಾಸ್ಟಿಕ್ ಬಿರಿಯುವ ಮುಂಚೆ ಕಾಣುವ ಬಿಳಿ ಗೆರೆ ಎದ್ದಿತ್ತು. ಅವನ ಚರ್ಮ ಉಜ್ಜಿ ಕೆಂಪಾಗಿತ್ತು.

"ನೀನೇ ತಡೀತದೆ ಅಂದಿದ್ದೆ" ಅಂದ, ಮೆಲ್ಲಗೆ.

"ಅಂದಿದ್ದೆ. ತಪ್ಪು ಹೇಳಿದ್ದೆ ಮಾವ."

ನೀರು ಕುಡಿಯುತ್ತಿದ್ದ ಜೊತೆಗಾರ ಚೊಂಬು ಇಳಿಸಿ ಆ ಕಾಲನ್ನೇ ನೋಡಿದ.

ಮಾವ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟ. ಪ್ರಬಂಧಕ್ಕೆ ಬರೆದು ಮುಗಿಸಿದ್ದ ಆ ಮಾದರಿಯ ಅಧ್ಯಾಯವನ್ನು ನಾನು ಗೈಡ್ ಎದುರಿಗೇ ವಾಪಸ್ ತಗೊಂಡೆ. ಎಂಬತ್ತು ಡಿಗ್ರಿಯವರೆಗೆ ಒಂದೊಂದೇ ಪರೀಕ್ಷೆ ಮಾಡಿ ಹೊಸದಾಗಿ ಬರೆಯುವಷ್ಟರಲ್ಲಿ ಒಂದು ವರ್ಷ ಜಾಸ್ತಿ ಹಿಡಿಯಿತು. ಕಾಲು ಮಾಡುವವರು ದಪ್ಪನೆಯ ಇನ್ನೊಂದು ಮಾಡಿಕೊಟ್ಟರು. ಮಾಲೀಕರು ಮಾವನನ್ನು ಕುಲುಮೆಯಿಂದ ದೂರ, ಮರಳಿನ ಅಚ್ಚು ಕಟ್ಟುವ ಕಡೆಗೆ ಹಾಕಿದರು. ಆ ಕೆಲಸ ಅವನಿಗೆ ಇವತ್ತಿಗೂ ಹಿಡಿಸಿಲ್ಲ.