ಹಿತ್ತಲ ಬಾಗಿಲು

ಮನುಷ್ಯನ ಬುದ್ಧಿಗೆ ನಿಲುಕುವ ಸಂಗತಿಗಳು ಈ ಜಗತ್ತಿನಲ್ಲಿ ಕಡಿಮೆ, ನಿಲುಕದವು ಬಹಳ. ನನ್ನ ಬುದ್ಧಿಯ ಮಟ್ಟಿಗೆ ಹೇಳುವುದಾದರೆ, ಆದವಾನಿಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದೂ ಎರಡನೆಯ ಪಟ್ಟಿಗೇ ಸೇರಿತ್ತು. ಆದರೂ ದೆವ್ವ, ಗಾಳಿ, ಶಕುನ ಇವನ್ನು ನಾನು ನಂಬುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳುವವನೇ ಇವನ್ನೆಲ್ಲ ನಂಬಿದರೆ, ಹುಡುಗರು ಲೆಕ್ಕ ತಪ್ಪಿದಾಗ ತಪ್ಪನ್ನು ಗಾಳಿಯ ಮೇಲೆ ಹಾಕಿಬಿಡುತ್ತಾರೆ. ಈಗಲಾದರೂ ನಂಬುತ್ತೀಯಾ ಎಂದು ಕೇಳಿದರೆ ನೇರ ಉತ್ತರ ನನ್ನಲ್ಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ, ಅಷ್ಟೇ.

ನಮ್ಮೂರು ಆದವಾನಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಕರ್ನೂಲು ಜಿಲ್ಲೆಗೆ ಹೋದ ಹೊಸತು ಅದು. ಹೋಯಿತು ಎಂದರೆ, ಇದ್ದ ಜಾಗ ಬಿಟ್ಟು ಒಂದು ಗೇಣೂ ಕದಲದೆ ಹೋಯಿತು. ಹೊಸ ತೆಲುಗು ರಾಜ್ಯಕ್ಕೆ ಕರ್ನೂಲೇ ರಾಜಧಾನಿಯಾಗಿ, ನನ್ನ ತಂಗಿ ಗಂಗೂನ ಗಂಡ ಅಲ್ಲಿ ಗುಮಾಸ್ತನಾಗಿದ್ದ. ಕಚೇರಿ ಡೇರೆಯಲ್ಲಿ, ಗುಮಾಸ್ತರೂ ಡೇರೆಯಲ್ಲಿ. ಹೆಂಡತಿಯನ್ನು ಕರೆಸಿಕೊಳ್ಳಲು ಮನೆಯಿಲ್ಲ, ಬಂದು ನೋಡಲು ರಜವಿಲ್ಲ, ಕಾಗದ ಬರೆಯಲು ಏನಿರಲಿಲ್ಲವೋ ಅವನೇ ಹೇಳಬೇಕು.

ಗಂಗೂ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ನಮ್ಮ ತಾಯಿ ತೀರಿ ಬಹಳ ವರ್ಷಗಳಾಗಿದ್ದವು. ತಂದೆಯೂ ಇರಲಿಲ್ಲ. ಮನೆಯಲ್ಲಿದ್ದವರು ನಾನು ಮತ್ತು ನಮ್ಮ ಸೋದರತ್ತೆ. ನನಗಿನ್ನೂ ಮದುವೆಯಾಗಿರಲಿಲ್ಲ, ಹಾಗಾಗಿ ಬಾಣಂತನದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿದ್ದವು. ಅವುಗಳಲ್ಲಿ ಮುಖ್ಯವಾದದ್ದು, ಅದು ಹೆಂಗಸರ ವ್ಯವಹಾರ, ಗಂಡಸರು ತಲೆ ಹಾಕಬಾರದು ಎಂಬುದು.

ಅತ್ತೆಯ ಕಟ್ಟುನಿಟ್ಟು ದೊಡ್ಡದು. ಕತ್ತಲೆ ಕೋಣೆ, ಕಿಟಕಿಗೆ ಗೋಣಿಚೀಲ, ಕುಳ್ಳಿನ ಬೆಂಕಿ, ಓಮದ ಹೊಗೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಆದವಾನಿಯಲ್ಲಿ ಹತ್ತಿಗೇನು ಬರ? ಬಾಣಂತಿ ಓದಬಾರದು, ಕಣ್ಣು ಹೋಗುತ್ತದೆ. ಹೆಚ್ಚು ಮಾತಾಡಬಾರದು, ಬಾಯೊಳಗೆ ಗಾಳಿ ಹೊಗುತ್ತದೆ. ಗಂಗೂ ಒಂದು ನಿಯಮವನ್ನೂ ಮೀರಲಿಲ್ಲ. ಏಳು ತಿಂಗಳ ಬಸುರಿಯಾಗಿ ಬಂದಾಗಿನಿಂದಲೇ ಅವಳ ಮಾತು ಕಡಿಮೆಯಾಗಿತ್ತು. ಹೆತ್ತ ಮೇಲೆ ನಿಂತೇಹೋಯಿತು. ಹೆಣ್ಣು ಮಗು. ಕೂಸು ಮಲಗಿದರೂ ಇವಳು ಕಣ್ಣು ಬಿಟ್ಟುಕೊಂಡು ಜಂತಿ ನೋಡುತ್ತಿದ್ದಳು.

"ಎಂಥಾ ಶಾಣ್ಯಾ ಬಾಣಂತಿ ಅಂತೀನಿ," ಎಂದು ಅತ್ತೆ ಓಣಿಗೆಲ್ಲ ಸಾರಿದಳು. "ಒಂದು ಮಾತಿಲ್ಲ, ಒಂದು ಹಟ ಇಲ್ಲ. ನಾ ಹಡೆದಾಗ ಮನಿ ಎತ್ತಿ ಕುಣಿಸಿದ್ದೆ."

ಓಣಿಯ ಹೆಂಗಸರೂ ಒಪ್ಪಿದರು. ನಾನೂ ಒಪ್ಪಿದೆ. ಇಡೀ ಓಣಿ ಸೇರಿ ಒಬ್ಬ ಹುಡುಗಿಯ ಕಾಯಿಲೆಯನ್ನು ಹೊಗಳಿದೆವು.

ನಾಲ್ಕನೆಯ ವಾರ ಕೂಸು ಸರಿಯಾಗಿ ಹಾಲು ಕುಡಿಯಲೊಲ್ಲದು ಎಂದು ಅತ್ತೆ ನನ್ನನ್ನು ಮಂತ್ರಾಲಯಕ್ಕೆ ಹೋಗಿ ಮಂತ್ರಾಕ್ಷತೆ ತಾ ಎಂದಳು. ನಾನು ನಂಬದವನಾದರೂ, ಭಾನುವಾರ ಬಿಡುವಿದ್ದುದರಿಂದ ಹೊರಟೆ. ಮೇಕೆಗಳ ಕಾಟಕ್ಕೆ, ಹಿಂದಿನ ಓಣಿಗೆ ತೆರೆಯುವ ನಮ್ಮ ಹಿತ್ತಲ ಬಾಗಿಲನ್ನು ಸದಾ ಒಳಗಿನಿಂದ ಅಗಳಿ ಹಾಕಿಡುವುದು ರೂಢಿ. ಆ ಬೆಳಿಗ್ಗೆ ಅಗಳಿ ಹಾಕಿದವನು ನಾನೇ. ಇದನ್ನು ನೆನಪಿಡಿ. ನಾನು ಮರೆಯಲಾಗದೆ ಒದ್ದಾಡುತ್ತಿರುವುದು ಇದನ್ನೇ.

ಬಸ್ಸು ಊರ ಅಂಚಿನ ರೈಲುಗೇಟಿನ ಹತ್ತಿರ ನಿಂತಿತು. ಗೂಡ್ಸ್ ಬರುವುದಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಕಡೆ ಮೂಗು ತಿರುಗಿಸಿ, "ಏಮಪ್ಪಾ, ಇಂಟ್ಲೋ ಬಾಲಿಂತ ಉಂದಾ? ಮನ್ಯಾಗ ಬಾಣಂತಿ ಅದಾಳೇನು?" ಎಂದಳು.

ಅಂಗಿಗೆ ಓಮದ ಹೊಗೆ ಹತ್ತಿರಬೇಕು. ಹೌದು, ತಂಗಿ, ಎಂದೆ.

"ಆಕಿ ತಾಯಿ ಅದಾಳೇನು?"

ಇಲ್ಲ ಎಂದೆ. ಮುದುಕಿ ಒಂದು ಬೆರಳು ಮಡಿಚಿದಳು.

"ಇದು ಚೊಚ್ಚಲಾ?"

ಅಲ್ಲ, ಮೊದಲಿನದು ಗಂಡು, ಒಂಬತ್ತು ದಿನ ಇತ್ತು ಎಂದೆ. ಎರಡನೆಯ ಬೆರಳು. ಗಂಡ ಬಂದು ನೋಡಿದನೇನು? ಇಲ್ಲ. ಬಸುರಿದ್ದಾಗ ನಗುನಗುತಾ ಇದ್ದಳೇನು? ಇಲ್ಲ. ಕೂಸು ಮಲಗಿದಾಗ ತಾನೂ ಮಲಗುತ್ತಾಳೇನು? ಇಲ್ಲ. ಐದೂ ಬೆರಳು ಮಡಿಚಿ ಮುಷ್ಟಿಯಾಯಿತು. ಆ ಮುಷ್ಟಿಯನ್ನು ನನ್ನ ಮೂಗಿನ ಮುಂದೆ ಹಿಡಿದು, "ಇಷ್ಟು ಇಟಗೊಂಡು ನೀ ಬಸ್ಸಿನ್ಯಾಗ ಏನ್ ಮಾಡಾಕತ್ತೀಯೋ?" ಎಂದಳು.

ಗಣಿತದ ಮೇಷ್ಟ್ರು ಕೂಡುವುದನ್ನು ಕಲಿತದ್ದು ಆಗ. ಬಿಡಿಬಿಡಿಯಾಗಿ ನನಗೆ ಎಲ್ಲವೂ ಗೊತ್ತಿತ್ತು. ಒಂದರ ಕೆಳಗೊಂದು ಬರೆದು ಮೊತ್ತ ನೋಡಿರಲಿಲ್ಲ. ಇಳಿಯಲೆಂದು ಎದ್ದೆ. ಬೆನ್ನು ತಿರುಗಿಸಿದ್ದೇ ತಡ, ಹಿಂದಿನಿಂದ ಮಾತು ಕೇಳಿಸಿತು: "ಮುಂದಿನ ಬಾಗಿಲಿಗೆ ಹೋಗಬ್ಯಾಡ. ಹಿತ್ತಲ ಬಾಗಿಲು ತೆರೆದೈತಿ."

ಮನೆಯವರೆಗಿನ ಒಂದು ಮೈಲು ದೂರವನ್ನು ನಾನು ಅಂದು ಓಡಿದೆ. ಪಂಚೆ ಎತ್ತಿಕೊಂಡು ಓಡುವ ಮೇಷ್ಟ್ರನ್ನು ಕಂಡು ಶಿಷ್ಯವರ್ಗಕ್ಕೆ ಆದ ಸಂತೋಷವನ್ನು ಇಲ್ಲಿ ವರ್ಣಿಸುವುದಿಲ್ಲ.

ಹಿತ್ತಲ ಬಾಗಿಲು ತೆರೆದಿತ್ತು. ಗಂಗೂ ಹಿತ್ತಲ ಬಾವಿಯ ಕಟ್ಟೆಯ ಮೇಲೆ, ಕಾಲು ಒಳಮುಖ ಮಾಡಿ ಕೂತಿದ್ದಳು. ತಲೆಯ ಬಟ್ಟೆಯನ್ನು ಬಿಚ್ಚಿ, ಒಪ್ಪವಾಗಿ ಮಡಿಚಿ, ಪಕ್ಕದಲ್ಲಿ ಇಟ್ಟಿದ್ದಳು. ಕಿವಿಯ ಹತ್ತಿ ಅದರ ಮೇಲಿತ್ತು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ.

"ಬಸ್ಸು ತಪ್ಪಿತೇನಣ್ಣಾ?" ಎಂದಳು.

"ಹೂಂ. ತಪ್ಪಿತು," ಎಂದೆ. ಹತ್ತಿರ ಹೋಗಿ ಕೈ ಹಿಡಿದೆ. ಚಿಕ್ಕಂದಿನ ನಂತರ ಅವಳ ಕೈ ಹಿಡಿದದ್ದು ಅದೇ ಮೊದಲು. "ಈ ಕಡೆ ತಿರುಗಿ ಕೂಡು, ಗಂಗೂ."

ತಿರುಗಿ ಕೂತಳು. "ನನಗ ಈ ಕೂಸಿನ ಮ್ಯಾಲೆ ಏನೂ ಅನಸವಲ್ದಣ್ಣಾ," ಎಂದಳು. "ಇದೂ ಹೋಗ್ತೈತಿ, ನನ್ನ ಕೈಯಾಗ ಇದ್ರ ಹೋಗ್ತೈತಿ ಅನಸ್ತೈತಿ. ಅತ್ತಿ ನೋಡಿದ್ರ ದಿನಾ ಶಾಣ್ಯಾಕಿ ಅಂತಾಳ. ಯಾರ ಮುಂದ ಹೇಳ್ಲಿ?"

"ನನ್ನ ಮುಂದ ಹೇಳು. ನಾ ಇನ್ನ ಎಲ್ಲಿಗೂ ಹೋಗಂಗಿಲ್ಲ," ಎಂದೆ. ಆಗ ಅತ್ತಳು. ಒಳಗೆ ಕೂಸಿನ ತೊಟ್ಟಿಲ ಪಕ್ಕ ಮಲಗಿದ್ದ ಅತ್ತೆ ಎದ್ದು ಬಂದು, ಬಾಣಂತಿ ಅಳಬಾರದು ಎನ್ನಲು ಬಾಯಿ ತೆರೆದಳು. ಬಾವಿಯನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿ ಮುಚ್ಚಿದಳು. ಅವಳ ಜೀವಮಾನದಲ್ಲಿ ಅದು ಸಣ್ಣ ಸಂಗತಿಯಲ್ಲ.

ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಲೇಡಿ ಡಾಕ್ಟರು ಐದು ಪ್ರಶ್ನೆ ಕೇಳಿದರು: ತಾಯಿ, ಮೊದಲ ಮಗು, ಗಂಡ, ಬಸುರಿನ ದಿನಗಳು, ನಿದ್ದೆ. ಇದು ಗಾಳಿಯಲ್ಲ, ಮಗುವಿನ ಮೇಲೆ ಪ್ರೀತಿಯಿಲ್ಲದ್ದೂ ಅಲ್ಲ, ಕಾಯಿಲೆ ಎಂದರು. ಒಂಟಿಯಾಗಿ ಬಿಡಬೇಡಿ, ನಿದ್ದೆ ಮಾಡಿಸಿ, ಮಾತಾಡಿಸಿ, ವಾರಕ್ಕೊಮ್ಮೆ ಕರೆತನ್ನಿ ಎಂದರು. ಅತ್ತೆ ಕೂಸನ್ನು ರಾತ್ರಿ ತನ್ನ ಮಗ್ಗುಲಿಗೆ ಹಾಕಿಕೊಂಡಳು. ಕಿಟಕಿಯ ಗೋಣಿಚೀಲವನ್ನು ತಾನೇ ಕಿತ್ತಳು. ನಾನು ಗಂಗೂನ ಗಂಡನಿಗೆ ಒಂದು ಕಾಗದ ಬರೆದೆ. ಅದರ ಒಕ್ಕಣೆ ಅಚ್ಚಿಗೆ ಯೋಗ್ಯವಲ್ಲ. ಅವನು ಡೇರೆಯಿಂದ ಓಡಿ ಬಂದ. ಆಮೇಲೂ ತಿಂಗಳಿಗೆರಡು ಸಲ ಬರತೊಡಗಿದ.

ಎರಡು ತಿಂಗಳ ಮೇಲೆ ಕಂಡಕ್ಟರನನ್ನು ವಿಚಾರಿಸಿ ಮುದುಕಿಯನ್ನು ಪತ್ತೆಹಚ್ಚಿದೆ. ಮಂತ್ರಾಲಯದ ದಾರಿಯ ಮಾಧವರ ಎಂಬ ಹಳ್ಳಿಯ ಸೂಲಗಿತ್ತಿ. ಸೀರೆ, ಹಣ್ಣು ಹಿಡಿದುಕೊಂಡು ಹೋದೆ. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಪ್ರಶ್ನೆಗಳನ್ನು ಮಾತ್ರ ಒಪ್ಪಿಕೊಂಡಳು: "ಬಾಣಂತಿ ವಾಸನಿ ಬಂದ್ರ ಎಲ್ಲಾರಿಗೂ ಕೇಳ್ತೀನಪ್ಪ, ಸುಮ್ಮನ ಕುಂದ್ರಾಕ ಬರಂಗಿಲ್ಲ ನನಗ."

ಬಾಗಿಲಿನ ಮಾತು ಎತ್ತಿದೆ.

"ಬಾಗಿಲಾ? ನಿಮ್ಮ ಮನಿ ಬಾಗಿಲು ನಾ ಏನ್ ಕಂಡೀನಿ? ನಾ ಅಂದಿಲ್ಲಪ್ಪ. ನೀ ಎದ್ದಿ, ನಾ ಕಿಟಕಿಗೆ ತಲಿ ಕೊಟ್ಟು ಮಲಗಿದೆ."

ಅವಳು ಮರೆತಿರಬಹುದು. ಅಥವಾ ಮನಸ್ಸಿನ ಮೂಲೆಯಲ್ಲಿ ನನಗೇ ತಿಳಿದಿದ್ದದ್ದು ಅವಳ ದನಿಯಲ್ಲಿ ಕೇಳಿಸಿರಬಹುದು. ಆದರೆ ಅಗಳಿ ಹಾಕಿದ ಬಾಗಿಲನ್ನು ನನ್ನ ಮನಸ್ಸು ತೆರೆದಿದೆ ಎಂದು ಏಕೆ ಹೇಳೀತು? ನಾನು ಹೊರಟ ಮೇಲೆ ಅಗಳಿ ತೆಗೆದವಳು ಗಂಗೂ. ಏಕೆ ತೆಗೆದೆ ಎಂದು ಆಮೇಲೊಮ್ಮೆ ಕೇಳಿದೆ. ಯಾರೋ ಬರುತ್ತಾರೆ ಅನ್ನಿಸಿತು ಎಂದಳು. ಯಾರು ಎಂದರೆ ಗೊತ್ತಿಲ್ಲ ಎಂದಳು.

ಕೂಸಿಗೆ ಎಂಟು ತಿಂಗಳಾಗಿ, ಗಂಗೂ ಅದನ್ನು ಆಡಿಸುತ್ತಾ ನಗುವಂತಾದಾಗ, ಅವಳ ಗಂಡನಿಗೆ ಕರ್ನೂಲಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ತಾಯಿ ಮಗಳಿಬ್ಬರೂ ಅವನ ಜೊತೆ ಬೆಳಗಿನ ಬಸ್ಸಿನಲ್ಲಿ ಹೋದರು.