ಬಾಣಂತಿ ಕೋಣೆಯ ವೈಫೈ

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಮಸ್ಕಿಯ ನಮ್ಮ ಮನೆಯಲ್ಲಿ ನಾನು ಬಾಯಿಮಾತಿಗಿಂತ ಮೊದಲು ಅವಳ ಕೈಮಾತು ಕಲಿತೆನಂತೆ. ಅವ್ವ ಈಗಲೂ ಹಾಗೇ ಹೇಳುತ್ತಾಳೆ. ಆ ಭಾಷೆ ಯಾವ ಶಾಲೆಯದೂ ಅಲ್ಲ, ಅವ್ವ, ಅಕ್ಕ, ನಾನು ಸೇರಿ ಬೆಳೆಸಿಕೊಂಡದ್ದು. ಮೂಗುಬೊಟ್ಟಿನ ಜಾಗ ಮುಟ್ಟಿದರೆ ಅವ್ವ. ಅಂಗೈ ಮೇಲೆ ಬೆರಳು ಒತ್ತಿ ಬಾಯಿಗೆ ಹಾಕಿಕೊಂಡಂತೆ ಮಾಡಿದರೆ ಗುಳಿಗೆ. ಹೊಟ್ಟೆಯ ಮೇಲೆ ಅಡ್ಡಗೆರೆ ಎಳೆದರೆ ಆಪರೇಷನ್.

ಅಕ್ಕ ಮದುವೆಯಾಗಿ ಲಿಂಗಸುಗೂರಿಗೆ ಹೋದಳು. ಭಾವನಿಗೂ ಕಿವಿ ಕೇಳಿಸುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಮದುವೆಯಾಗಿ ಸಿಂಧನೂರಿಗೆ ಬಂದೆ. ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ವಿಡಿಯೋ ಕಾಲಿನಲ್ಲಿ. ಉಳಿದವರಿಗೆ ಚಿತ್ರ ನಿಂತರೂ ದನಿ ಕೇಳುತ್ತದೆ. ನಮಗೆ ಚಿತ್ರ ನಿಂತರೆ ಮಾತೇ ನಿಂತಂತೆ.

ನನಗೆ ಮಗಳು ಹುಟ್ಟಿದ ಕಾಲಕ್ಕೇ ಅಕ್ಕನಿಗೆ ಆರೋಗ್ಯ ಕೆಟ್ಟಿತು. ಮುಟ್ಟಿನ ಸ್ರಾವ ನಿಲ್ಲುತ್ತಿರಲಿಲ್ಲ, ಮುಖ ಸುಣ್ಣದಂತಾಗಿತ್ತು. ಮೊದಲೆಲ್ಲ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಹೇಳಿದ್ದನ್ನು ಅವಳಿಗೆ, ಅವಳು ಹೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸುತ್ತಿದ್ದವಳು ನಾನೇ. ಈಗ ನಾನು ಬಾಣಂತಿ, ಅದೂ ಹೊಟ್ಟೆ ಕೊಯ್ದು ಹೆರಿಗೆಯಾದವಳು. ಬಸ್ಸು ಹತ್ತುವಂತಿರಲಿಲ್ಲ. ಬಾಣಂತನ ಮಾಡಲು ಅವ್ವನೇ ಮಸ್ಕಿಯಿಂದ ಬಂದು ನಮ್ಮ ಬಾಡಿಗೆ ಮನೆಯಲ್ಲಿದ್ದಳು. ಹಾಗಾಗಿ ಭಾವನ ಫೋನನ್ನು ಲಿಂಗಸುಗೂರಿನ ಡಾಕ್ಟರಮ್ಮನ ಮೇಜಿನ ಮೇಲೆ ನಿಲ್ಲಿಸಿ, ಇತ್ತ ಕೋಣೆಯಿಂದ ನಾನು ಕೈಮಾತಿನಲ್ಲಿ ತಿಳಿಸಿಕೊಡುವುದು ಎಂದಾಯಿತು.

ನಮ್ಮ ಮನೆಯ ನೆಟ್ಟಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಕೆಳಗಡೆ ಮನೆ ಮಾಲೀಕ ಚಾಚಾನದು ಮೋಟಾರ್ ರಿಪೇರಿಯ ಅಂಗಡಿ. ಅಕ್ಕಿ ಮಿಲ್ಲುಗಳ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದ. ಕನೆಕ್ಷನ್ ಅವನ ಹೆಸರಿನದು. ಇಬ್ಬರಿಗೂ ಒಂದೇ ಸಾಕೆಂದು ವೈಫೈ ಪೆಟ್ಟಿಗೆಯನ್ನು ಮೇಲೆ ನಮ್ಮ ಮನೆಯಲ್ಲಿ ಇಟ್ಟಿದ್ದೆವು. ಮೊಬೈಲಿನ ಸಿಗ್ನಲ್ ಮಾಳಿಗೆಯ ಮೇಲೆ ಚೆನ್ನಾಗಿತ್ತು, ಬಾಣಂತಿ ಕೋಣೆಯೊಳಗೆ ಇಲ್ಲವೇ ಇಲ್ಲ. ಬಾಣಂತಿ ಗಾಳಿಗೆ ಹೋಗಬಾರದೆಂದು ಅವ್ವ ಮಾಳಿಗೆ ಹತ್ತಲು ಬಿಡುತ್ತಿರಲಿಲ್ಲ.

ಹೀಗಾಗಿ ನನಗೆ ಫೋನಿನಲ್ಲಿ ನೆಟ್ಟಿನ ಸ್ಪೀಡ್ ನೋಡುವ ಗೀಳು ಹಿಡಿಯಿತು. ಕೂಸು ಮಲಗಿತೋ ಇಲ್ಲವೋ, ಫೋನ್ ಹಿಡಿದು ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಹೋಗಿ ಟೆಸ್ಟ್ ಒತ್ತುತ್ತಿದ್ದೆ. ಪರದೆಯ ಮೇಲಿನ ಮುಳ್ಳು ಏರಿದರೆ ಜೀವ ಬಂದಂತಾಗುತ್ತಿತ್ತು, ಇಳಿದರೆ ಇನ್ನೊಂದು ಮೂಲೆ ಹುಡುಕುತ್ತಿದ್ದೆ.

"ತಲಿಗೆ ಅರಿವಿ ಕಟ್ಟಿಕೊಂಡು ಒಂದ ಕಡಿ ಕುಂದ್ರಬಾರದೇನ? ಹೊಲಿಗಿ ಹಾಕಿದ ಹೊಟ್ಟಿ ಐತಿ, ಹಿಂಗ ಭೂತ ಬಡದವರಂಗ ಮನಿ ತುಂಬ ತಿರಗಾಕತ್ತೀ," ಎಂದು ಅವ್ವ ಗದರುತ್ತಿದ್ದಳು.

ಪೆಟ್ಟಿಗೆ ಅಲಮಾರಿನ ಮೇಲೆ, ಸ್ಟೀಲ್ ಕೊಡಗಳ ಹಿಂದೆ ಇತ್ತು. ನಮ್ಮ ಮನೆಯವರಿಗೆ ಹೇಳಿ ಅದನ್ನು ಕೋಣೆಯ ಬಾಗಿಲ ಮೇಲಿನ ಹಲಗೆಗೆ ಇಡಿಸಿದೆ. ಟೆಸ್ಟಿನಲ್ಲಿ ಕಾಣುವ ದೊಡ್ಡ ಅಂಕಿ ಏರಿತು. ನೆಟ್ ಲೈನಿನವನನ್ನು ಕರೆಸಿದೆವು. ಅವನೂ ಅದೇ ಅಂಕಿ ನೋಡಿ, "ಫುಲ್ ಬರಾಕತ್ತೈತಲ್ರಿ ಅಕ್ಕಾರ, ಏನೂ ಪ್ರಾಬ್ಲಮ್ ಇಲ್ಲ," ಎಂದು ಹೋದ. ಅಂಕಿ ಚೆನ್ನಾಗಿತ್ತು. ನನ್ನ ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ.

ದವಾಖಾನೆಯ ಕಾಲ್ ಬಂದದ್ದು ಬೆಳಗಿನ ಹೊತ್ತು. ಪರದೆಯ ಮೇಲೆ ಅಕ್ಕ ಕಣ್ಣಿಗೆ ಕಟ್ಟಿದಂತೆ ಸ್ಪಷ್ಟವಾಗಿದ್ದಳು. ಅವಳ ಹಿಂದೆ ಬಾಗಿಲಲ್ಲಿ ಪಾಳಿ ಕಾಯುತ್ತ ನಿಂತ ಹೆಂಗಸರೂ ಕಾಣುತ್ತಿದ್ದರು. ಡಾಕ್ಟರಮ್ಮ ಸಮಾಧಾನದ ಹೆಂಗಸು.

"ಎರಡು ದಾರಿ ಅದಾವ. ಮೊದಲ ಗುಳಿಗಿ ಕೊಟ್ಟು ನೋಡ್ತೀನಿ. ಅದರಿಂದ ಕಡಿಮಿ ಆಗಲಿಲ್ಲ ಅಂದ್ರಷ್ಟ ಗರ್ಭಚೀಲ ತೆಗಿಯೋ ಆಪರೇಷನ್ ವಿಚಾರ ಮಾಡೂಣು. ಅವಸರ ಏನೂ ಇಲ್ಲ, ಅವರಿಗೆ ತಿಳಿಸಿ ಹೇಳ್ರಿ," ಎಂದರು.

ನಾನು ಎಲ್ಲವನ್ನೂ ಕೈಯಲ್ಲಿ ಹೇಳಿದೆ. ಅಕ್ಕ ತಲೆಯಾಡಿಸಿದಳು. ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, ಅವು ಮುಗಿದ ಮೇಲೆ ಮತ್ತೆ ಬರಲು ಹೇಳಿದರು. ಫೋನ್ ಇಟ್ಟ ಮೇಲೂ ನನಗೆ ಸಮಾಧಾನವಾಗಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ. ಅಕ್ಕ ಒಂದೂ ಪ್ರಶ್ನೆ ಕೇಳಿರಲಿಲ್ಲ. ಪ್ರಶ್ನೆ ಕೇಳದೆ ಬಿಡುವವಳಲ್ಲ ಅವಳು.

ಕೆಲವು ದಿನಗಳ ಮೇಲೆ ಭಾವನಿಂದ ಒಂದು ಫೋಟೋ ಬಂತು. ಒಂದು ಬ್ಯಾಗು, ಅದರ ಮೇಲೆ ಮಡಿಚಿಟ್ಟ ಹಳೆಯ ಸೀರೆಗಳು, ಒಂದು ಚೊಂಬು. ಕೆಳಗೆ ಎರಡೇ ಶಬ್ದ: "ಆಪರೇಷನ್ ಯಾವಾಗ". ಹೊಲಿಯಲು ಬಂದಿದ್ದ ಜಂಪರಿನ ಬಟ್ಟೆಗಳನ್ನೆಲ್ಲ ಅಕ್ಕ ಗಿರಾಕಿಗಳಿಗೆ ವಾಪಸು ಕೊಟ್ಟುಬಿಟ್ಟಿದ್ದಳೆಂದು ಆಮೇಲೆ ಗೊತ್ತಾಯಿತು. ನಾನು ಕೂಡಲೇ ಕಾಲ್ ಮಾಡಿದೆ. ಅಕ್ಕ ಕಣ್ಣು ಕಿರಿದು ಮಾಡಿ ಪರದೆಗೆ ಮುಖ ತಂದಳು, ಕೈಯಾಡಿಸಿ 'ಕಾಣುತ್ತಿಲ್ಲ' ಎಂದಳು, ಕಾಲ್ ಕಡಿದುಹೋಯಿತು. "ಆಪರೇಷನ್ ಇಲ್ಲ" ಎಂದು ಬರೆದು ಕಳಿಸಿದೆ. ಅಕ್ಕ, ಭಾವ ಇಬ್ಬರಿಗೂ ಓದು ಅಷ್ಟಕ್ಕಷ್ಟೆ. ಆಪರೇಷನ್ ಇಲ್ಲವೆಂದರೆ ಇನ್ನು ತನಗೆ ಮದ್ದೇ ಇಲ್ಲ ಎಂದು ಅಕ್ಕ ತಿಳಿದುಕೊಂಡಳು. ಭಾವ ಇನ್ನೊಂದು ಫೋಟೋ ಕಳಿಸಿದ. ಅಕ್ಕ ಗೋಡೆಗೆ ಮುಖಮಾಡಿ ಮಲಗಿದ್ದಳು.

ನಾನು ಅಳತೊಡಗಿದೆ. ಅವ್ವ ಕೂಸನ್ನು ನನ್ನ ಮಡಿಲಲ್ಲಿ ಹಾಕಿ ಸೆರಗು ಸಿಕ್ಕಿಸಿಕೊಂಡಳು.

"ಕೂಸಿಗೆ ಹಾಲ ಕುಡಿಸು. ನಾ ಲಿಂಗಸೂರಿಗೆ ಹೋಗಿ ಬರ್ತೀನಿ. ನಾ ಹೋಗಿ ಎದರಿಗೆ ಕುಂತು ಹೇಳಿದ್ರ ಅಕಿಗೆ ತಿಳಿತೈತಿ."

ಸಿಕ್ಕ ಬಸ್ಸಿಗೆ ಹೊರಟೇಬಿಟ್ಟಳು. ಮಧ್ಯಾಹ್ನ ಅಲ್ಲಿಂದಲೇ ಭಾವನ ಫೋನಿನಲ್ಲಿ ನನಗೆ ವಿಡಿಯೋ ಕಾಲ್ ಬಂತು. ಅಕ್ಕ ಅತ್ತಿದ್ದಳು, ಆದರೆ ಎದ್ದು ಕೂತಿದ್ದಳು. ಅವಳನ್ನು ನೋಡಿ ನನ್ನ ಕೈ ತಾನಾಗಿಯೇ ಏಳುತ್ತಿತ್ತು. ಅಷ್ಟರಲ್ಲಿ ಅವಳು 'ತಡಿ' ಎಂದು ಕೈ ತೋರಿಸಿ, ನಾನು ಹೇಗೆ ಕಾಣುತ್ತೇನೆಂದು ಮಾಡಿ ತೋರಿಸಿದಳು. ಬಾಯಿ ಅರ್ಧ ತೆರೆದು, ಒಂದು ಕೈ ಗಾಳಿಯಲ್ಲಿ ಬಿಟ್ಟು, ಕಲ್ಲಿನಂತೆ ಕೂತಳು. ಸ್ವಲ್ಪ ಹೊತ್ತಿಗೆ ಫಕ್ಕನೆ ಹೊಟ್ಟೆಯ ಮೇಲೆ ಗೆರೆ ಎಳೆದು ಮತ್ತೆ ಕಲ್ಲಾದಳು. ಅಳುವೂ ನಗುವೂ ಒಟ್ಟಿಗೇ ಬಂದವು ನನಗೆ.

"ನೀ ಗುಳಿಗಿ ಅಂದದ್ದು ಅಕಿಗೆ ಕಂಡೇ ಇಲ್ಲಂತ. ಕೊಯ್ಯೋದಷ್ಟ ಕಂಡೈತಿ," ಎಂದು ಅವ್ವ ಬಾಯಲ್ಲಿ ಹೇಳಿದಳು. "ಕೊಟ್ಟ ಗುಳಿಗಿ ಆಪರೇಷನ್‌ಗೆ ತಯಾರ ಮಾಡಾಕ ಅಂತ ತಿಳಕೊಂಡು ನುಂಗಾಕತ್ತಾಳ. ಹಿಂದ ಮಂದಿ ನಿಂತಿದ್ರು, ಇನ್ನೊಮ್ಮಿ ಹ್ಯಾಂಗ ಕೇಳೋದಂತ ಗೋಣ ಹಾಕಿದ್ಲಂತ."

"ಈಗ ನಾ ಕಾಣಾಕತ್ತೀನೇನ ಅವ್ವ?"

"ಎಲ್ಲಿ? ಮಾರಿ ಅಷ್ಟ ಕಾಣತೈತಿ, ಕೈ ಎಲ್ಲಾ ಮಂಜ ಮಂಜ."

ನನಗೆ ಮಾತ್ರ ಅವ್ವನ ಕುಂಕುಮದ ಅಂಚು ಕೂಡ ಕಾಣುತ್ತಿತ್ತು. ಅವರಿಂದ ನನಗೆ ಬರುವುದು ಸರಿಯಾಗಿಯೇ ಬರುತ್ತಿದೆ, ನನ್ನಿಂದ ಅವರಿಗೆ ಹೋಗುವುದು ಹೋಗುತ್ತಿಲ್ಲ ಎಂಬುದು ಆಗ ಹೊಳೆಯಿತು. ಟೆಸ್ಟ್ ಮತ್ತೆ ಒತ್ತಿದೆ. ಮುಳ್ಳು ಒಮ್ಮೆ ಏರಿ ಇಳಿದ ಮೇಲೆ ಎರಡನೆಯ ಸಲ ಏರಲು ನೋಡುತ್ತದೆ. ಅಷ್ಟರೊಳಗೆ ನಾನು ಯಾವಾಗಲೂ ಫೋನ್ ಇಟ್ಟುಬಿಡುತ್ತಿದ್ದೆ. ಈ ಸಲ ಕಾದೆ. ಮುಳ್ಳು ತಳ ಬಿಟ್ಟು ಮೇಲೇಳಲೇ ಇಲ್ಲ. ದೊಡ್ಡ ಅಂಕಿಯ ಪಕ್ಕ ಸಣ್ಣಗೆ ಒಂದು ಅಂಕಿ ಬಿತ್ತು, ಅಪ್‌ಲೋಡಿನದು, ಅಂದರೆ ನಮ್ಮಿಂದ ಹೊರಗೆ ಹೋಗುವುದರದು. ಅದು ಇದ್ದೂ ಇಲ್ಲದಂತಿತ್ತು.

ಅಂದಿನಿಂದ ಚಡಪಡಿಕೆ ಇನ್ನೂ ಹೆಚ್ಚಾಯಿತು. ಟಿವಿ ಬಂದ್ ಮಾಡಿ ನೋಡಿದೆ. ನಮ್ಮ ಮನೆಯವರ ಫೋನಿನ ವೈಫೈ ತೆಗೆಸಿದೆ. ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ನೇರವಾಗಿ ತಂತಿ ಎಳೆದು ನೋಡಿದೆ. ಸಣ್ಣ ಅಂಕಿ ಜಗ್ಗಲಿಲ್ಲ. ಅವ್ವ ವಾಪಸು ಬಂದು ನನ್ನ ಸ್ಥಿತಿ ನೋಡಿ ಬೈಯುವುದನ್ನೂ ಬಿಟ್ಟಳು. ಅತ್ತ ಅಕ್ಕನ ಗುಳಿಗೆಗಳು ಮುಗಿಯುತ್ತ ಬಂದಿದ್ದವು.

ಒಂದು ಮಧ್ಯಾಹ್ನ ಕೆಳಗೆ ಢಬ್ಬೆಂದು ಸದ್ದಾಯಿತು. ಚಾಚಾ ಯಾವುದೋ ಮೋಟಾರ್ ಚಾಲೂ ಮಾಡಿ ನೋಡುವಾಗ ಅಂಗಡಿಯ ಫ್ಯೂಸ್ ಹಾರಿತ್ತು. ನಮ್ಮದು ಬೇರೆ ಮೀಟರ್, ಫ್ಯಾನ್ ತಿರುಗುತ್ತಲೇ ಇತ್ತು. ಕೈಯಲ್ಲಿ ಟೆಸ್ಟ್ ನಡೆದಿತ್ತು. ನೋಡುನೋಡುತ್ತಿದ್ದಂತೆ ಎರಡನೆಯ ಸಲದ ಮುಳ್ಳು ಸರ್ರನೆ ಮೇಲೇರಿತು. ನಾನು ಮತ್ತೆ ಒತ್ತಿದೆ, ಮತ್ತೆ ಏರಿತು. ಕೆಳಗೆ ಕರೆಂಟ್ ಬಂದು ಮೋಟಾರ್ ಗುಂಯ್‌ಗುಟ್ಟಿತು, ಮುಳ್ಳು ಬಿತ್ತು.

ತಲೆಯ ಬಟ್ಟೆ ಜಾರುತ್ತಿದ್ದರೂ ಗೋಡೆ ಹಿಡಿದು ಮೆಟ್ಟಿಲಿಳಿದೆ. ಚಾಚಾ ಗಾಬರಿಯಾಗಿ ಎದ್ದ.

"ಕ್ಯಾ ಹುವಾ ಬೇಟಿ? ಕೂಸು ಆರಾಮ ಐತಿಲ್ಲ?"

"ಆರಾಮ ಐತ್ರಿ ಚಾಚಾ. ನಿಮ್ಮ ಅಂಗಡ್ಯಾಗ ನೆಟ್ಟಿಗೆ ಏನೇನ ಹಚ್ಚೀರಿ?"

ಅವನು ಮೇಲೆ ನೋಡಿದ. ಎರಡು ಮೂಲೆಗಳಲ್ಲಿ ಎರಡು ಕ್ಯಾಮೆರಾ ಕಣ್ಣುಗಳು. ತಾಮ್ರದ ತಂತಿ ಕಳುವಾದ ಮೇಲೆ ಹಾಕಿಸಿದ್ದ. ಮಿಲ್ಲುಗಳಿಗೆ ಹೋದಾಗಲೂ ಫೋನಿನಲ್ಲೇ ಅಂಗಡಿ ನೋಡಬಹುದೆಂದು ಅವನಿಗೆ ನೆಮ್ಮದಿ. ಅವು ಅಂಗಡಿಯ ಚಿತ್ರವನ್ನು ಹಗಲೂ ರಾತ್ರಿ ಬಿಡುವಿಲ್ಲದೆ ಹೊರಗೆ ಕಳಿಸುತ್ತಿದ್ದವು. ನನ್ನ ಕೈಗಳು ಹೋಗಬೇಕಾದ ದಾರಿ ತುಂಬ ಚಾಚಾನ ತಾಮ್ರದ ಸುರುಳಿಗಳೇ ಹೋಗುತ್ತಿದ್ದವು.

ಅಕ್ಕನ ವಿಷಯ ಹೇಳಿದೆ. ಬ್ಯಾಗು ತುಂಬಿಟ್ಟುಕೊಂಡು ಕೂತಿದ್ದನ್ನೂ ಹೇಳಿದೆ. ಚಾಚಾ ಇನ್ನೊಮ್ಮೆ ಕ್ಯಾಮೆರಾಗಳ ಕಡೆ ನೋಡಿದ. ಕಳುವಿನ ಹೆದರಿಕೆ ಅವನಿಗೂ ಸಣ್ಣದಾಗಿರಲಿಲ್ಲ.

"ಪೂರಾ ತೆಗಿ ಅಂದ್ರ ನನಗ ನಿದ್ದಿ ಬರಂಗಿಲ್ಲ ನೋಡು," ಎಂದ. "ಹಾಕಿದವನ್ನ ಕರಸ್ತೀನಿ. ಏನರ ಮಾಡೂಣು."

ಮರುದಿನ ಕ್ಯಾಮೆರಾದವನು ಬಂದು, ಚಿತ್ರ ಕ್ಯಾಮೆರಾದಲ್ಲೇ ಉಳಿಯುವಂತೆ ಒಳಗೆ ಮೆಮೊರಿ ಕಾರ್ಡ್ ಹಾಕಿ, ಯಾರಾದರೂ ಅಲುಗಾಡಿದಾಗ ಮಾತ್ರ ಹೊರಗೆ ಕಳಿಸುವಂತೆ ಮಾಡಿದ. ದವಾಖಾನೆಯ ದಿನ ಬೆಳಗ್ಗೆ ಚಾಚಾ ಎರಡೂ ಕ್ಯಾಮೆರಾ ಬಂದ್ ಮಾಡಿ ಅಂಗಡಿ ಬಾಗಿಲಿಗೆ ಕುರ್ಚಿ ಹಾಕಿಕೊಂಡು ತಾನೇ ಕೂತ.

ಈ ಸಲ ಅಕ್ಕ ಪರದೆಯಲ್ಲಿ ನನ್ನ ಕೈ ನೋಡಿದ ಕೂಡಲೇ ಕಣ್ಣರಳಿಸಿದಳು. ಸ್ರಾವ ಕಡಿಮೆಯಾಗಿದೆ, ಗುಳಿಗೆ ಮುಂದುವರಿಸಬಹುದು ಎಂದು ಡಾಕ್ಟರಮ್ಮ ಹೇಳಿದರು, ನಾನು ತಿಳಿಸಿದೆ. ಆಗ ಅಕ್ಕ ಮಾತು ಶುರುಮಾಡಿದಳು. ಅವಳ ಕೈ ನಿಲ್ಲಲೇ ಇಲ್ಲ. ಅವ್ವ ಪಕ್ಕದಲ್ಲೇ ಕೂಸನ್ನು ತಟ್ಟುತ್ತ ಕೂತಿದ್ದಳು. ಪರದೆ ನನ್ನ ಕಡೆಗಿದ್ದುದರಿಂದ ಅವಳಿಗೆ ಅಕ್ಕನ ಕೈ ಕಾಣುತ್ತಿರಲಿಲ್ಲ.

ನಾನು ಡಾಕ್ಟರಮ್ಮನಿಗೆ ಇಷ್ಟೇ ಹೇಳಿದೆ: "ಅಕಿಗೆ ಮಕ್ಕಳಾಗೋ ಆಸೆ ಐತಂತ್ರಿ."

ಅಕ್ಕ ಮೇಜು ತಟ್ಟಿದಳು. ನನ್ನ ತುಟಿ ಎಷ್ಟು ಸಲ ಆಡಿತೆಂಬುದು ಅವಳಿಗೆ ಈಗ ಕಾಣುತ್ತಿತ್ತು. 'ನಾನು ಇಷ್ಟೆಲ್ಲ ಹೇಳಿದೆ, ನೀನು ಇಷ್ಟೇ ಹೇಳಿದಿ. ಪೂರ್ತಿ ಹೇಳು' ಎಂದಳು.

ನಾನು ಪೂರ್ತಿ ಹೇಳಿದೆ. "ಇಬ್ಬರಿಗೂ ಕಿವಿ ಕೇಳಂಗಿಲ್ಲ, ಹುಟ್ಟೋ ಕೂಸಿಗೂ ಕೇಳಂಗಿಲ್ಲ ಅಂತ ಎಲ್ಲಾರೂ ಹೆದರಿಸಿದ್ರಂತ. ನಮ್ಮ ಅವ್ವನೂ ಬ್ಯಾಡ ಅಂದಿದ್ಲಂತ. ಅದಕ್ಕ ಇಷ್ಟು ವರ್ಷ ತಾವೂ ಬ್ಯಾಡಂತ ಇದ್ರಂತ. ಈಗ ನನ್ನ ಕೂಸನ್ನ ನೋಡಿ ಅಕಿಗೆ ಬೇಕನಸಾಕತ್ತೈತಿ. ಕೂಸಿಗೆ ಕಿವಿ ಕೇಳದಿದ್ರೂ ನಡಿತೈತಿ ಅಂತಾಳ. ಭಾಳ ತಡ ಆತೇನು ಅಂತ ಕೇಳಾಕತ್ತಾಳ್ರಿ."

ತಟ್ಟುತ್ತಿದ್ದ ಅವ್ವನ ಕೈ ನಿಂತಿತು. ಎದ್ದು ಅಡುಗೆಮನೆಗೆ ಹೋದಳು. ಒಲೆ ಹೊತ್ತಿಸಿದ ಸದ್ದೂ ಬರಲಿಲ್ಲ, ಪಾತ್ರೆಯ ಸದ್ದೂ ಬರಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ತಡವಾಗಿದೆ ಎಂದು ಈಗಲೇ ಹೇಳುವಂತಿಲ್ಲ, ಮೊದಲು ಮೈಯಲ್ಲಿ ರಕ್ತ ತುಂಬಲಿ, ಆಮೇಲೆ ಇಬ್ಬರನ್ನೂ ಪರೀಕ್ಷೆ ಮಾಡೋಣ ಎಂದರು. "ಇದನ್ನ ಮೊದಲ ಹೇಳಬೇಕಿತ್ತಲ್ಲವಾ," ಎಂದು ಅಕ್ಕನ ಮುಖ ನೋಡಿಕೊಂಡೇ ಹೇಳಿದರು. ನಾನು ಅದನ್ನೂ ಬಿಡದೆ ಕೈಯಲ್ಲಿ ಹೇಳಿದೆ.

ಅಕ್ಕ ಈಗ ಮತ್ತೆ ಮಿಷಿನ್ ತುಳಿಯುತ್ತಿದ್ದಾಳೆ. ಪರೀಕ್ಷೆಗಳು ನಡೆದಿವೆ, ಮುಂದಿನದು ಇನ್ನೂ ಗೊತ್ತಿಲ್ಲ. ಅವ್ವ ಆ ದಿನದ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆದರೆ ಬಾಣಂತನ ಮುಗಿಸಿ ಹೊರಟವಳು ಮಸ್ಕಿಯಲ್ಲಿ ಇಳಿಯದೆ, ಅದೇ ಬಸ್ಸಿನಲ್ಲಿ ನೇರ ಲಿಂಗಸುಗೂರಿಗೆ ಹೋದಳು. ಸಂಜೆ ನಾನು ತಡೆಯಲಾಗದೆ ವಿಡಿಯೋ ಕಾಲ್ ಮಾಡಿದೆ. ಭಾವ ಎತ್ತಿ, ಫೋನನ್ನು ಒಂದು ಕ್ಷಣ ಒಳಕೋಣೆಯ ಕಡೆ ತಿರುಗಿಸಿದ. ತಾಯಿ ಮಗಳು ಎದುರುಬದುರು ಕೂತಿದ್ದರು. ಅವ್ವನ ಬೆನ್ನು ನನ್ನ ಕಡೆಗಿತ್ತು. ಅವಳ ಭುಜಗಳು ಅಲುಗಾಡುತ್ತಿದ್ದವು, ಕೈಗಳು ಏನು ಹೇಳುತ್ತಿವೆ ಎಂಬುದು ಕಾಣುತ್ತಿರಲಿಲ್ಲ. ಭಾವ ನನಗೆ 'ಆಮೇಲೆ' ಎಂದು ಸನ್ನೆ ಮಾಡಿ ಫೋನ್ ಇಟ್ಟ.