ಸೀಟಿನ ಬೆನ್ನಿಗೆ ಸಿಕ್ಕಿಸಿದ ಚೀಟಿ

ಕಾರು ನಿಲ್ಲಿಸಿ ಮಗಳು ಇನ್ನೊಂದು ಸಲ ಹೇಳಿದಳು: "ಅಮ್ಮ, ಇದು ಟ್ರಯಲ್. ದಾರೀಲಿ ಏನಾದ್ರೂ ಎಡವಟ್ಟು ಮಾಡ್ಕೊಂಡು ನಂಗೆ ಫೋನ್ ಬಂತೋ, ಊರಿಗೆ ವಾಪಸ್ ಹೋಗೋವರೆಗೂ ಮನೇಲೇ ಇರ್ಬೇಕು, ಅಷ್ಟೆ."

ಪ್ರಿನ್ಸ್‌ಟನ್ ಜಂಕ್ಷನ್ನಿಂದ ನ್ಯೂಯಾರ್ಕಿಗೆ ಒಂದು ಗಂಟೆ ಚಿಲ್ಲರೆ ದಾರಿ. ಅಲ್ಲಿ ಓದುವ ಮೊಮ್ಮಗಳು ಸ್ಟೇಷನ್ನಿಗೆ ಬಂದು ಊರು ತೋರಿಸುತ್ತಾಳೆ. ಅಲ್ಲಿವರೆಗೆ ನಾನು, ನನ್ನ ಬೀಗಿತ್ತಿ ಇಬ್ಬರೇ. ಬೀಗಿತ್ತಿ ಅಂದರೆ ಅಳಿಯನ ತಾಯಿ. ಅಮೆರಿಕಕ್ಕೆ ಬಂದು ಎರಡು ತಿಂಗಳಿಂದ ಮಗಳ ಮನೆ ಗೋಡೆ ನೋಡಿ ನೋಡಿ ನನಗೆ ಸಾಕಾಗಿತ್ತು. ಬೀಗಿತ್ತಿ ಬಂದದ್ದು ಊರು ನೋಡೋಕೋ, ನನ್ನ ಮೇಲೆ ಕಣ್ಣಿಡೋಕೋ, ಅದು ದೇವರಿಗೇ ಗೊತ್ತು.

ರೈಲು ಹೊರಟಿತು. ಟೋಪಿ ಹಾಕಿದ ಕಂಡಕ್ಟರ್ ಬಂದು ಇಬ್ಬರ ಟಿಕೆಟ್ಟೂ ತಗೊಂಡ. ವಾಪಸ್ಸು ಕೊಡಲೇ ಇಲ್ಲ. ಒಂದು ಬಣ್ಣದ ಚೀಟಿಗೆ ತೂತು ಹೊಡೆದು, ಎದುರಿನ ಸೀಟಿನ ಬೆನ್ನಿಗೆ ಸಿಕ್ಕಿಸಿ ಹೋದ. ಬಸ್ ಟಿಕೆಟ್ಟನ್ನು ಮನೆ ಸೇರೋವರೆಗೂ ಬಳೆ ಸಂದಿಯಲ್ಲಿ ಇಟ್ಟುಕೊಂಡವಳು ನಾನು. ಹೀಗೆ ಬಯಲಲ್ಲಿ ಬಿಟ್ಟರೆ ಯಾರು ಬೇಕಾದರೂ ಎಗರಿಸಬಹುದು. ಪಕ್ಕದ ಸಾಲಿನವನು ಆಗಲೇ ಎರಡು ಸಲ ಆ ಕಡೆ ನೋಡಿದ್ದ. ಚೀಟಿ ಕಿತ್ತು ಎಲಡಿಕೆ ಸಂಚಿಯೊಳಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿದೆ. ಬೀಗಿತ್ತಿ ಕಣ್ಣು ಮುಚ್ಚಿದ್ದರು. ಮುಚ್ಚಿದ್ದರೋ, ಹಾಗೆ ತೋರಿಸುತ್ತಿದ್ದರೋ.

ಮೂರು ಸ್ಟೇಷನ್ ಕಳೆದ ಮೇಲೆ ಮತ್ತೆ ಬಂದ. ಅವನೋ, ಇನ್ನೊಬ್ಬನೋ, ಎಲ್ಲರಿಗೂ ಒಂದೇ ಟೋಪಿ. ಟಿಕೆಟ್ ಅಂದ.

"ಕೊಟ್ಟಾಯ್ತಲ್ಲಪ್ಪ, ಎಷ್ಟು ಸಲ ಕೊಡೋದು?" ಅಂದೆ.

ಇಂಗ್ಲಿಷಲ್ಲಿ ಉದ್ದಕ್ಕೆ ಏನೋ ಹೇಳಿದ. ಭಾಷೆ ಬಾರದ ಮುದುಕಿಯರು ಅಂತ ನೋಡಿ ಎರಡನೇ ಸಲ ವಸೂಲಿಗೆ ಬಂದಿದ್ದಾನೆ ಅಂದುಕೊಂಡೆ. ಅವನೋ ನಾನೇ ಕಳ್ಳಿ ಅನ್ನೋ ಹಾಗೆ ನೋಡುತ್ತಿದ್ದ. ಯಾರಿಗಾದರೂ ಫೋನ್ ಮಾಡಿ ಮಾತಾಡಿಸು ಅನ್ನೋ ಹಾಗೆ ನನ್ನ ಫೋನಿಗೆ ಬೆರಳು ತೋರಿಸಿದ. ಮಗಳಿಗೆ ಫೋನ್ ಮಾಡಿದರೆ ನನ್ನ ಓಡಾಟ ಅಲ್ಲಿಗೇ ಮುಗೀತು.

ಬೀಗಿತ್ತಿ ಕಣ್ಣು ಬಿಡದೇ ಅಂದರು: "ಸಂಚೀಲಿದೆಯಲ್ಲ, ತೆಗೆದು ಕೊಡ್ರೀ. ಸುತ್ತ ನೋಡಿ, ಎಲ್ಲರ ಮುಂದೂ ಒಂದೊಂದು ಚೀಟಿ ಇದೆ. ಟಿಕೆಟ್ ಕೊಟ್ಟಾಯ್ತು ಅನ್ನೋದಕ್ಕೆ ಅದೇ ಗುರುತು."

"ಮೊದಲೇ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ಕೇಳೋರಾ ನೀವು?"

ತೆಗೆದೆ. ಸುಣ್ಣ ಮೆತ್ತಿಕೊಂಡಿತ್ತು. ಅವನು ತುದಿಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ಇದ್ದ ಜಾಗಕ್ಕೇ ಸಿಕ್ಕಿಸಿದ. ನಗಲಿಲ್ಲ, ಬೈಯಲೂ ಇಲ್ಲ. ಉಳಿದ ದಾರಿಯಷ್ಟೂ ನಾನು ಕಿಟಕಿ ಕಡೆ ನೋಡಲಿಲ್ಲ. ಚೀಟಿ ಕಾದೆ.

ಇಳಿದು ಮೆಟ್ಟಿಲು ಹತ್ತುವಷ್ಟರಲ್ಲಿ ಮಗಳ ಫೋನ್ ಬಂತು. ನನಗಲ್ಲ, ಅವಳ ಅತ್ತೆಗೆ. ಬೀಗಿತ್ತಿ ನನ್ನ ಮುಖವನ್ನೇ ನೋಡುತ್ತ ಹೇಳಿದರು: "ಏನೂ ಆಗ್ಲಿಲ್ಲ ಕಣಮ್ಮ. ಇಬ್ಬರೂ ಚೆನ್ನಾಗಿ ನಿದ್ದೆ ಹೊಡೆದ್ವಿ."

ಫೋನ್ ಒಳಗಿಟ್ಟು, "ಮುಂದಿನ ವಾರ ಸಮುದ್ರ ನೋಡೋಕೆ ಹೋಗೋಣ. ಕಿಟಕಿ ಪಕ್ಕ ನಾನು ಕೂರೋದು" ಅಂದರು.

ಅಷ್ಟು ದೊಡ್ಡ ಸುಳ್ಳಿಗೆ ಬರೀ ಕಿಟಕಿ ಕೇಳೋ ಹೆಂಗಸಲ್ಲ ಅವರು. ಇನ್ನೇನೋ ಇದೆ. ಆದರೂ ಆಯ್ತು ಅಂದೆ.